ಕುಟುಂಬ ಪಿಂಚಣಿ ಬರುವ ಅಕ್ಕಂದಿರೇ, ಈ ಸಲದ ಆದಾಯ ತೆರಿಗೆ ರಿಟರ್ನ್ ನೀವೇ ತುಂಬಿ

"ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವಂತಲ್ಲ, ಇನ್ನು ರಿಟರ್ನ್ ಗೋಜು ನಮಗೇಕೆ?" ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪಿನಲ್ಲಿ ಈ ಮಾತನ್ನು ಒಂದು ವರ್ಷದಿಂದ ಕೇಳುತ್ತಲೇ ಇದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ನನ್ನಂತೆ ಯಜಮಾನರನ್ನು ಕಳೆದುಕೊಂಡವರು. ಮನೆಯ ಲೆಕ್ಕಪತ್ರವೆಲ್ಲ ಅವರ ಕೈಯಲ್ಲಿತ್ತು. ಅವರು ಹೋದ ಮೇಲೆ ನೀಲಿ ರೆಕ್ಸಿನ್ ಚೀಲವೊಂದು ಉಳಿಯಿತು; ಅದನ್ನು ತೆರೆಯುವ ಧೈರ್ಯ ಬಾರದೆ ಯಾರದೋ ಅಂಗಡಿಗೆ ಕೊಟ್ಟು, ಅವರು ಹೇಳಿದಲ್ಲಿ ಸಹಿ ಹಾಕಿ, ಓಟಿಪಿ ಹೇಳಿ ಬರುತ್ತಾರೆ.

ನಾನು ಮೂವತ್ತಮೂರು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿದವಳು. ಹಾಗಿದ್ದೂ 2023ರ ಆಗಸ್ಟ್‌ನಲ್ಲಿ ಯಜಮಾನರು ತೀರಿಕೊಂಡಾಗ ಅವರ ಚೀಲ ತೆರೆಯಲು ನನಗೂ ಎಂಟು ತಿಂಗಳು ಬೇಕಾಯಿತು. ಆ ತಡಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ. ಮೊದಲು ಹನ್ನೆರಡು ಲಕ್ಷದ ವಿಷಯ.

ತೆರಿಗೆ ಲೆಕ್ಕ ಹಾಕಲು ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12 ಲಕ್ಷಕ್ಕೆ ಶೇ 10. ಹೀಗೆ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಲೆಕ್ಕವಾಗುತ್ತದೆ. ಆಮೇಲೆ ಸರ್ಕಾರ ಅಷ್ಟನ್ನೂ ರಿಯಾಯಿತಿಯಾಗಿ ಬಿಟ್ಟುಕೊಡುತ್ತದೆ. ಅಂದರೆ ತೆರಿಗೆ ಹುಟ್ಟಿ, ನಂತರ ಮನ್ನಾ ಆಗುತ್ತದೆ. ಆ ಮನ್ನಾ ನಡೆಯುವುದು ರಿಟರ್ನ್‌ನ ಒಳಗೆ. ಆದ್ದರಿಂದ ವರ್ಷದ ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ದಂಡಶುಲ್ಕ ಆದಾಯ 5 ಲಕ್ಷದೊಳಗಿದ್ದರೆ 1,000, ಮೀರಿದರೆ 5,000 ರೂಪಾಯಿ. ತೆರಿಗೆಯೇ ಇಲ್ಲದ ಹೆಣ್ಣುಮಗಳು ಐದು ಸಾವಿರ ದಂಡ ಕಟ್ಟುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾವು ತುಂಬುವ ಸರಳ ರಿಟರ್ನ್‌ಗೆ (ಐಟಿಆರ್-1 ಎಂಬ ಫಾರಂ) ಜುಲೈ 31 ಕೊನೆಯ ದಿನ.

ನಮ್ಮೂರಿನ ಹತ್ತಿ ಗಿರಣಿಗಳಲ್ಲಿ ದುಡಿದು ಹೋದವರ ಪತ್ನಿಯರಿಗೆ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ ಬರುತ್ತದೆ, ಕನಿಷ್ಠ ತಿಂಗಳಿಗೆ 1,000 ರೂಪಾಯಿ. ಅದರ ಜೊತೆಗೆ ಚಿಕ್ಕ ಠೇವಣಿಯೊಂದು ಇದ್ದರೂ ಅವರು 4 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಅವರಿಗೆ ರಿಟರ್ನ್ ಬೇಡ, ಬಡ್ಡಿಯಲ್ಲಿ ತೆರಿಗೆ ಮುರಿದುಕೊಂಡಿದ್ದರೆ ಅದನ್ನು ವಾಪಸ್ ಪಡೆಯಲು ಮಾತ್ರ ಬೇಕು. ಬ್ಯಾಂಕಿಗೆ ಪ್ಯಾನ್ ಕೊಡದಿದ್ದರೆ ಶೇ 10ರ ಬದಲು ಶೇ 20 ಮುರಿಯುತ್ತಾರೆ ಎಂಬುದನ್ನು ಅವರಿಗೆ ದಯವಿಟ್ಟು ತಿಳಿಸಿ.

ಈಗ ನಮ್ಮವರೆಲ್ಲ ಎಡವುವ ಜಾಗ. ನಾವೇ ನೌಕರಿ ಮಾಡಿ ನಿವೃತ್ತರಾದರೆ ಬರುವುದು ಪಿಂಚಣಿ. ಅದು ಸಂಬಳದ ಲೆಕ್ಕಕ್ಕೆ ಸೇರುತ್ತದೆ, ಹೊಸ ಪದ್ಧತಿಯಲ್ಲಿ ಅದಕ್ಕೆ 75,000 ರೂಪಾಯಿ ಪ್ರಮಾಣಿತ ಕಡಿತ ಉಂಟು. ಯಜಮಾನರ ನಂತರ ಬರುವುದು ಕುಟುಂಬ ಪಿಂಚಣಿ. ಕಾನೂನಿನ ಕಣ್ಣಿಗೆ ಅದು ಸಂಬಳವಲ್ಲ, "ಇತರ ಮೂಲಗಳ ಆದಾಯ". ಅದಕ್ಕೆ 75,000 ಸಿಗುವುದಿಲ್ಲ. ಕುಟುಂಬ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು. ಹಳೆಯ ಪದ್ಧತಿಯಲ್ಲಿ ಆ ಮಿತಿ 15,000. ಕುಟುಂಬ ಪಿಂಚಣಿಯಿಂದ ಯಾರೂ ತೆರಿಗೆ ಮುರಿಯುವುದಿಲ್ಲ, ಅದಕ್ಕೆ ಮುರಿದ ತೆರಿಗೆಯ ಪ್ರಮಾಣಪತ್ರವಾದ ಫಾರಂ 16 ಕೂಡ ಬರುವುದಿಲ್ಲ. ಆದ್ದರಿಂದಲೇ ಹಲವರು ಅದು ತೆರಿಗೆಯ ಹೊರಗಿದೆ ಎಂದುಕೊಂಡಿದ್ದಾರೆ. ಕರ್ತವ್ಯದ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟ ಯೋಧರ ಪತ್ನಿಯರಿಗೆ ಕುಟುಂಬ ಪಿಂಚಣಿಗೆ ಪೂರ್ಣ ವಿನಾಯಿತಿ ಇದೆ.

ನಮ್ಮ ಬೀದಿಯ ಕೊನೆಯ ಮನೆಯ ಅಕ್ಕನ ಹಿಂದಿನ ವರ್ಷದ ರಿಟರ್ನ್ ತೆಗೆದು ನೋಡಿದೆ. ತುಂಬಿಕೊಟ್ಟವರು ಕುಟುಂಬ ಪಿಂಚಣಿಯನ್ನು ಸಂಬಳದ ಸಾಲಿನಲ್ಲಿ ಬರೆದು 75,000 ಕಳೆದಿದ್ದರು. ತೆರಿಗೆ ಹೇಗೂ ಸೊನ್ನೆಯಾಗಿದ್ದರಿಂದ ಹಣಕ್ಕೆ ನಷ್ಟವಾಗಿರಲಿಲ್ಲ; ಆದರೂ ಅವರ ಹೆಸರಿನಲ್ಲಿ ಸುಳ್ಳು ಲೆಕ್ಕ ಕುಳಿತಿತ್ತು. ಡಿಸೆಂಬರ್‌ಗೆ ಮುಂಚೆ ಪರಿಷ್ಕೃತ ರಿಟರ್ನ್ ಹಾಕಿಸಿದೆ. ಆಗ ಕಂಡ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಂಗೆಡಿಸಿತು. ಆದಾಯ ತೆರಿಗೆ ಜಾಲತಾಣದಲ್ಲಿ ಅವರ ಪ್ರೊಫೈಲ್ ತೆರೆದರೆ ಅಲ್ಲಿದ್ದ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಎರಡೂ ಆ ಅಂಗಡಿಯವರದು! ಇಲಾಖೆ ಏನು ಬರೆದರೂ ಅಕ್ಕನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನೀವು ಲಾಗಿನ್ ಆದ ಕೂಡಲೇ ಮೊದಲು ನೋಡಬೇಕಾದದ್ದು ಇದನ್ನೇ. ಬಳಕೆದಾರರ ಹೆಸರು ನಿಮ್ಮ ಪ್ಯಾನ್ ಸಂಖ್ಯೆ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿಯಿಂದ ಹೊಸದು ಮಾಡಿಕೊಳ್ಳಬಹುದು. ಒಳಗೆ ಹೋಗಿ ಮೊಬೈಲ್, ಇಮೇಲ್ ನಿಮ್ಮದೋ ನಿಮ್ಮ ಮಕ್ಕಳದೋ ಮಾಡಿ. ಮರುಪಾವತಿ ಬರಬೇಕಾದ ಬ್ಯಾಂಕ್ ಖಾತೆ ದೃಢೀಕರಣವಾಗಿದೆಯೇ ಎಂಬುದನ್ನೂ ಆಗಲೇ ನೋಡಿ.

ನನ್ನ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ನನಗೆ ಎರಡೂ ಬರುತ್ತವೆ. 2025-26ರಲ್ಲಿ ನನ್ನ ಪಿಂಚಣಿ 4,80,000, ಕುಟುಂಬ ಪಿಂಚಣಿ 2,64,000, ಠೇವಣಿಗಳ ಬಡ್ಡಿ 1,36,000. ಪಿಂಚಣಿಯಲ್ಲಿ 75,000 ಕಳೆದರೆ 4,05,000. ಕುಟುಂಬ ಪಿಂಚಣಿಯ ಮೂರನೇ ಒಂದು ಭಾಗ 88,000 ಆಗುತ್ತದೆ, ಆದರೆ ಕಳೆಯಲು ಬಿಡುವುದು 25,000, ಉಳಿದದ್ದು 2,39,000. ಬಡ್ಡಿ ಸೇರಿದರೆ ಒಟ್ಟು 7,80,000. ಇದರಲ್ಲಿ 4 ಲಕ್ಷ ಬಿಟ್ಟು ಉಳಿದ 3,80,000ಕ್ಕೆ ಶೇ 5ರಂತೆ 19,000 ತೆರಿಗೆ. ರಿಯಾಯಿತಿಯಿಂದ ಅದು ಸೊನ್ನೆ. ಇದೇ ಆದಾಯವನ್ನು ಹಳೆಯ ಪದ್ಧತಿಯಲ್ಲಿಟ್ಟು ನೋಡಿದೆ: ಪಿಂಚಣಿಗೆ 50,000, ಕುಟುಂಬ ಪಿಂಚಣಿಗೆ 15,000, ಹಿರಿಯರ ಬಡ್ಡಿಗೆ 50,000, ಉಳಿತಾಯಕ್ಕೆ ಪೂರಾ ಒಂದೂವರೆ ಲಕ್ಷ ಕಳೆದ ಮೇಲೂ 6,15,000 ಉಳಿಯಿತು, ತೆರಿಗೆಯ ಮೇಲೆ ಹಾಕುವ ಶೇ 4ರ ಸೆಸ್ ಸೇರಿ 34,320 ತೆರಿಗೆ ಬಂತು. "ಹಳೆಯದರಲ್ಲಿ ಹಿರಿಯ ನಾಗರಿಕರಿಗೆ ಅನುಕೂಲ ಜಾಸ್ತಿ" ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ನಮ್ಮಂಥವರ ಆದಾಯಕ್ಕೆ ಈಗ ಅದು ನಿಜವಲ್ಲ. ಹಾಗೊಂದು ವೇಳೆ ನಿಮಗೆ ಹಳೆಯದೇ ಬೇಕಿದ್ದರೆ ಜುಲೈ 31ರೊಳಗೇ ಸಲ್ಲಿಸಬೇಕು, ಆಮೇಲೆ ಆಯ್ಕೆ ಇರುವುದಿಲ್ಲ.

ಇದರಿಂದ ನಿಮಗೆ ಬೇಕಾದ ಮಿತಿಯನ್ನು ನೀವೇ ತೆಗೆಯಬಹುದು. ಬರೀ ಕುಟುಂಬ ಪಿಂಚಣಿ ಮತ್ತು ಬಡ್ಡಿ ಇರುವವರಿಗೆ 12,25,000ದವರೆಗೆ ತೆರಿಗೆ ಸೊನ್ನೆ, ಸ್ವಂತ ಪಿಂಚಣಿ ಇರುವವರಿಗೆ 12,75,000, ನನ್ನಂತೆ ಎರಡೂ ಇರುವವರಿಗೆ 13 ಲಕ್ಷ. ಮಿತಿಯನ್ನು ತುಸುವೇ ದಾಟಿದರೆ ಪೂರ್ತಿ ತೆರಿಗೆ ಮೈಮೇಲೆ ಬೀಳುವುದಿಲ್ಲ. ಕಳೆಯುವುದನ್ನೆಲ್ಲ ಕಳೆದ ಮೇಲೆ 12,10,000 ಉಳಿದರೆ, ಮೀರಿದ 10,000 ಮತ್ತು ಅದರ ಮೇಲಿನ ಸೆಸ್ ಅಷ್ಟೇ ಕಟ್ಟುವುದು. ಆದರೆ ನಿವೇಶನ ಮಾರಿದ್ದರೆ, ಷೇರು ಅಥವಾ ಮ್ಯೂಚುವಲ್ ಫಂಡ್ ಮಾರಿ ಲಾಭ ಬಂದಿದ್ದರೆ ಆ ಲಾಭದ ತೆರಿಗೆಗೆ ಸಾಮಾನ್ಯವಾಗಿ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಅಂಥವರು ಬಲ್ಲ ಲೆಕ್ಕ ಪರಿಶೋಧಕರ ಬಳಿಗೆ ಹೋಗುವುದೇ ಸರಿ. ವ್ಯಾಪಾರದ ಆದಾಯವಿಲ್ಲದ 60 ದಾಟಿದವರಿಗೆ ಮುಂಗಡ ತೆರಿಗೆಯ ಕಾಟವಿಲ್ಲ; ಕಟ್ಟುವುದಿದ್ದರೆ ರಿಟರ್ನ್ ಸಲ್ಲಿಸುವ ಮುನ್ನ ಕಟ್ಟಿದರೆ ಸಾಕು.

ಇನ್ನು ಬಡ್ಡಿ. 2025ರ ಏಪ್ರಿಲ್‌ನಿಂದ 60 ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷದವರೆಗಿನ ಬಡ್ಡಿಗೆ ತೆರಿಗೆ ಮುರಿಯುವುದಿಲ್ಲ; ಮೊದಲು ಈ ಮಿತಿ 50,000 ಇತ್ತು. 60 ಆಗದವರಿಗೆ ಈಗ 50,000. ಮುರಿಯುವುದಿಲ್ಲ ಎಂದ ಮಾತ್ರಕ್ಕೆ ಆ ಬಡ್ಡಿ ಲೆಕ್ಕಕ್ಕಿಲ್ಲ ಎಂದಲ್ಲ, ಪೈಸೆ ಪೈಸೆಯನ್ನೂ ತೋರಿಸಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಟ್ಟವರಿಗೆ ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಅದೂ ತೆರಿಗೆಯ ಲೆಕ್ಕಕ್ಕೆ ಸೇರಿದ್ದೇ. ನಮ್ಮೂರಿನಲ್ಲಿ ಪತ್ತಿನ ಸಹಕಾರ ಸಂಘಗಳಲ್ಲಿ, ಸೌಹಾರ್ದಗಳಲ್ಲಿ ಹಣ ಇಟ್ಟವರು ಬಹಳ. ಆ ಬಡ್ಡಿ ಇಲಾಖೆಯ ಪಟ್ಟಿಯಲ್ಲಿ ಕಾಣದೇ ಇರಬಹುದು, ಆದರೂ ಪಾಸ್ ಪುಸ್ತಕ ನೋಡಿ ನೀವೇ ಸೇರಿಸಬೇಕು.

ಬಡ್ಡಿ ಲಕ್ಷ ದಾಟಿದರೂ ನಿಮ್ಮ ವರ್ಷದ ತೆರಿಗೆ ಸೊನ್ನೆ ಎಂದಿದ್ದರೆ ಮುರಿಯದಂತೆ ತಡೆಯಲು ಘೋಷಣೆಯೊಂದಿದೆ. ಇಷ್ಟು ವರ್ಷ ಅದನ್ನು 60 ದಾಟಿದವರು 15ಎಚ್ ಎಂಬ ನಮೂನೆಯಲ್ಲಿ ಕೊಡುತ್ತಿದ್ದೆವು. ರಿಯಾಯಿತಿಯ ನಂತರದ ಸೊನ್ನೆಯೂ ಅದಕ್ಕೆ ನಡೆಯುತ್ತದೆ. ಹಾಗಾಗಿ 7,80,000 ಆದಾಯದ ನಾನು 2025ರ ಏಪ್ರಿಲ್‌ನಲ್ಲೇ ಕೊಟ್ಟೆ, ಒಂದು ರೂಪಾಯಿಯೂ ಕಡಿತವಾಗಲಿಲ್ಲ. ಕೊಡದಿದ್ದರೆ 13,600 ಹೋಗುತ್ತಿತ್ತು, ವಾಪಸ್ ಬರಲು ರಿಟರ್ನ್‌ವರೆಗೆ ಕಾಯಬೇಕಿತ್ತು. ಈ ಘೋಷಣೆಯನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಪ್ರತಿಯೊಂದು ಬ್ಯಾಂಕಿಗೂ ಬೇರೆ ಬೇರೆಯಾಗಿ ಕೊಡಬೇಕು. ಒಂದು ಪ್ರತಿಗೆ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿ "ಬೇಕಿಲ್ಲಮ್ಮ" ಎಂದರೂ ಕೇಳಿ ಪಡೆಯಿರಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್‌ಗಳ ಸಂಖ್ಯೆಗಳು ಬದಲಾಗಿವೆ. ಬ್ಯಾಂಕಿನಲ್ಲಿ ಸಂಖ್ಯೆ ಹೇಳಲು ಹೋಗದೆ "ನನ್ನ ತೆರಿಗೆ ಸೊನ್ನೆ, ಬಡ್ಡಿಯಲ್ಲಿ ಮುರಿಯಬೇಡಿ ಎಂಬ ಘೋಷಣೆಯ ನಮೂನೆ ಕೊಡಿ" ಎಂದು ಕೇಳಿ.

ಹೊಸ ಕಾಯ್ದೆಯಿಂದ ಈ ಸಲ ಒಂದು ಗೊಂದಲ ಖಂಡಿತ ಆಗುತ್ತದೆ. ಹೊಸ ಕಾಯ್ದೆಯಲ್ಲಿ ದುಡಿದ ವರ್ಷವನ್ನೇ "ತೆರಿಗೆ ವರ್ಷ" ಎನ್ನುತ್ತಾರೆ. 2026ರ ಏಪ್ರಿಲ್‌ನಿಂದ ನಡೆಯುತ್ತಿರುವುದು ತೆರಿಗೆ ವರ್ಷ 2026-27. ಆದರೆ ನಾವು ಈಗ ಸಲ್ಲಿಸುವುದು ಕಳೆದ ಮಾರ್ಚ್‌ಗೆ ಮುಗಿದ ವರ್ಷದ್ದು. ಅದು ಹಳೆಯ ಕಾಯ್ದೆಗೇ ಸೇರಿದ್ದು, ಹಳೆಯ ಭಾಷೆಯಲ್ಲಿ ಅದರ ಹೆಸರು "ಅಸೆಸ್‌ಮೆಂಟ್ ವರ್ಷ 2026-27". ಅಂಕಿ ಒಂದೇ, ವರ್ಷ ಬೇರೆ. ಪರದೆಯ ಮೇಲೆ ಅಸೆಸ್‌ಮೆಂಟ್ ವರ್ಷ ಎಂಬ ಪದ ಇದೆಯೇ ಎಂದು ನಿಧಾನವಾಗಿ ಓದಿ ಆರಿಸಿ.

ಈಗ ನನ್ನ ಪೆಟ್ಟಿನ ಕಥೆ. ನಮ್ಮ 12 ಲಕ್ಷದ ಠೇವಣಿ ಜಂಟಿಯಾಗಿತ್ತು, ಮೊದಲ ಹೆಸರು ಯಜಮಾನರದು. ಅವರು ಹೋದ ಮೇಲೆ ಬಡ್ಡಿ ನನ್ನ ಖಾತೆಗೇ ಬರುತ್ತಿದ್ದುದರಿಂದ ನಾನು ನಿಶ್ಚಿಂತೆಯಿಂದಿದ್ದೆ. 2025ರ ಜೂನ್‌ನಲ್ಲಿ ರಿಟರ್ನ್ ತುಂಬಲು ಕುಳಿತಾಗ ನೋಡುತ್ತೇನೆ, 84,000 ಬಡ್ಡಿಯಲ್ಲಿ ಮುರಿದ 8,400 ರೂಪಾಯಿ ನನ್ನ ಪಟ್ಟಿಯಲ್ಲಿ ಎಲ್ಲೂ ಇಲ್ಲ. ತೀರಿಕೊಂಡು ಎರಡು ವರ್ಷವಾಗುತ್ತಾ ಬಂದವರ ಪ್ಯಾನ್‌ಗೆ ಬ್ಯಾಂಕು ಅದನ್ನು ಜಮಾ ಮಾಡುತ್ತಲೇ ಇತ್ತು. ಮರಣ ಪ್ರಮಾಣಪತ್ರವನ್ನು ಉಳಿತಾಯ ಖಾತೆಗೆಂದು ಕೊಟ್ಟಿದ್ದೆ. ಠೇವಣಿಗೆ ಬೇರೆ ಅರ್ಜಿ ಬೇಕೆಂದು ಆಗ ಯಾರೂ ಹೇಳಲಿಲ್ಲ. ಮೂರು ಸಲ ಅಲೆದೆ. ನಿಮಗೆ ಹೀಗಾಗಿದ್ದರೆ ಎರಡು ಕೆಲಸ ಮಾಡಿ. ಬ್ಯಾಂಕಿಗೆ ಮರಣ ಪ್ರಮಾಣಪತ್ರದೊಂದಿಗೆ ಬರೆದುಕೊಟ್ಟು, ಎಲ್ಲ ಠೇವಣಿಗಳಲ್ಲೂ ನಿಮ್ಮ ಹೆಸರು, ನಿಮ್ಮ ಪ್ಯಾನ್ ಮೊದಲಿಗೆ ಬರುವಂತೆ ಮಾಡಿಸಿ. ಆಗಲೇ ಮುರಿದುಹೋದದ್ದಕ್ಕೆ ಐಟಿಆರ್-1 ಬಳಸುವಂತಿಲ್ಲ, ಐಟಿಆರ್-2 ತುಂಬಬೇಕು. ಅದರಲ್ಲಿ ಬೇರೊಬ್ಬರ ಪ್ಯಾನ್‌ನಲ್ಲಿ ಕಡಿತವಾದ ತೆರಿಗೆಯನ್ನು ತೋರಿಸುವ ಅಂಕಣವಿದೆ. ಅಲ್ಲಿ ಯಜಮಾನರ ಪ್ಯಾನ್ ಬರೆದು, ಬಡ್ಡಿಯನ್ನು ನನ್ನ ಆದಾಯಕ್ಕೆ ಸೇರಿಸಿ ಕೇಳಿದೆ. ಹಣ ನವೆಂಬರ್‌ನಲ್ಲಿ ಬಂತು.

ಐಟಿಆರ್-2 ಬೇಕಾಗುವ ಇನ್ನೊಂದು ಗುಂಪು ನಮ್ಮ ಜಿಲ್ಲೆಯಲ್ಲಿ ದೊಡ್ಡದು. ಚನ್ನಗಿರಿ ಕಡೆ ಅಡಿಕೆ ತೋಟ, ಭದ್ರಾ ನಾಲೆಯ ಕೆಳಗೆ ಭತ್ತದ ಗದ್ದೆ ಇರುವವರು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಅದು ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ. ಕೃಷಿ ಆದಾಯವನ್ನು ಬಚ್ಚಿಟ್ಟು ಸರಳ ಫಾರಂ ತುಂಬಬೇಡಿ. ನಾಳೆ ಮಗಳ ಮದುವೆಗೋ ಮನೆಗೋ ಆ ಹಣ ತೆಗೆದಾಗ ಎಲ್ಲಿಂದ ಬಂತೆಂದು ತೋರಿಸಲು ಈ ದಾಖಲೆಯೇ ಬೇಕಾಗುತ್ತದೆ.

ಯಜಮಾನರು ತೀರಿಕೊಂಡ ವರ್ಷದಲ್ಲಿ ಎರಡು ರಿಟರ್ನ್ ಇರುತ್ತವೆ. ಏಪ್ರಿಲ್‌ನಿಂದ ಅವರ ಕೊನೆಯ ದಿನದವರೆಗಿನ ಆದಾಯಕ್ಕೆ ಅವರ ಹೆಸರಿನದು, ಅಲ್ಲಿಂದ ಮುಂದಕ್ಕೆ ನಿಮ್ಮದು. ಅವರದನ್ನು ಸಲ್ಲಿಸಲು ನೀವು ಜಾಲತಾಣದಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಳ್ಳಬೇಕು. ಇಬ್ಬರ ಪ್ಯಾನ್, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಪುರಾವೆ ಕೇಳುತ್ತಾರೆ. ಆ ಪುರಾವೆಗಾಗಿ ತಿಂಗಳುಗಟ್ಟಲೆ ಅಲೆದವರನ್ನು ಕಂಡಿದ್ದೇನೆ. ಸರ್ಕಾರ ಕೊಟ್ಟ ಕುಟುಂಬ ಪಿಂಚಣಿ ಪ್ರಮಾಣಪತ್ರವನ್ನೂ ಒಪ್ಪುತ್ತಾರೆ. ಅದು ನಿಮ್ಮ ಚೀಲದಲ್ಲೇ ಇರುತ್ತದೆ.

ಕೂರುವುದು ಯಾವಾಗ? ಜೂನ್ 15 ಕಳೆಯಲಿ. ಬ್ಯಾಂಕುಗಳು ಕೊನೆಯ ಮೂರು ತಿಂಗಳ ಕಡಿತದ ವಿವರ ಸಲ್ಲಿಸಲು ಮೇ ಅಂತ್ಯದವರೆಗೆ ಸಮಯವಿರುತ್ತದೆ; ಅದಕ್ಕೆ ಮುಂಚೆ ತುಂಬಿದರೆ ಪಟ್ಟಿ ಅರೆಬರೆ. ಪಾಸ್ ಪುಸ್ತಕಗಳನ್ನೆಲ್ಲ ಮಾರ್ಚ್ 31ರವರೆಗೆ ಮುದ್ರಿಸಿಕೊಂಡು, ಕುಟುಂಬ ಪಿಂಚಣಿಯ ಹನ್ನೆರಡು ತಿಂಗಳ ಜಮಾಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೂಡಿ. ತುಟ್ಟಿಭತ್ಯೆಯ ಬಾಕಿ ಬಂದ ತಿಂಗಳಲ್ಲಿ ಮೊತ್ತ ಹೆಚ್ಚಿರುತ್ತದೆ, ಅದನ್ನು ಬಿಡಬೇಡಿ. ಜಾಲತಾಣದಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯದು) ಮತ್ತು ಎಐಎಸ್ (ಇಲಾಖೆಗೆ ಗೊತ್ತಿರುವ ನಿಮ್ಮ ಆದಾಯದ್ದು) ಎಂಬ ಎರಡು ಪಟ್ಟಿ ಇಳಿಸಿಕೊಂಡು ಪಾಸ್ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದು ಸಾಲಿಗೂ ಟಿಕ್ ಹಾಕಿ. ಎಐಎಸ್‌ನಲ್ಲಿ ಒಂದೇ ಬಡ್ಡಿ ಎರಡು ಬಾರಿ ಬಂದಿದ್ದರೆ ಅಲ್ಲೇ ಪ್ರತಿಕ್ರಿಯೆ ಕೊಟ್ಟು ತಿಳಿಸಬಹುದು.

ಆಮೇಲೆ ಫಾರಂ ಸುಲಭ. ಹೊಸ ಪದ್ಧತಿ ತಾನಾಗಿಯೇ ಆಯ್ಕೆಯಾಗಿರುತ್ತದೆ. ಇತರ ಮೂಲಗಳ ಆದಾಯದ ಪುಟದಲ್ಲಿ ಆದಾಯದ ಬಗೆ ಆರಿಸುವ ಪಟ್ಟಿ ತೆರೆದರೆ ಉಳಿತಾಯ ಖಾತೆಯ ಬಡ್ಡಿ, ಠೇವಣಿಯ ಬಡ್ಡಿ, ಕುಟುಂಬ ಪಿಂಚಣಿ ಎಂದು ಬೇರೆ ಬೇರೆ ಸಾಲುಗಳಿವೆ. ಕುಟುಂಬ ಪಿಂಚಣಿಯ ಪೂರ್ತಿ ಮೊತ್ತ ಬರೆಯಿರಿ. ಕಡಿತ ಕೆಳಗಿನ ಸಾಲಿನಲ್ಲಿ ಬರುತ್ತದೆ, 25,000 ಎಂದು ಕಂಡರೆ ಸರಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಓಟಿಪಿಯಿಂದ ದೃಢೀಕರಿಸಲೇಬೇಕು. ಇದನ್ನು ಮರೆತರೆ ತುಂಬಿದ ರಿಟರ್ನ್ ಸಲ್ಲಿಸದಂತೆಯೇ. ಆ ಓಟಿಪಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ, ಮರುಪಾವತಿ ಬಂದಿದೆ ಒತ್ತಿ ಎನ್ನುವ ಸಂದೇಶಗಳನ್ನು ಮುಟ್ಟಬೇಡಿ.

ಕೆಲವು ದಿನ ಅಥವಾ ವಾರಗಳ ನಂತರ ಇಲಾಖೆಯಿಂದ 143(1) ಎಂಬ ಸೂಚನಾ ಪತ್ರ ಇಮೇಲ್‌ಗೆ ಬರುತ್ತದೆ. ಹೆದರಬೇಡಿ, ಅದು ಎಲ್ಲರಿಗೂ ಬರುತ್ತದೆ. ಒಳಗೆ ಎರಡು ಕಾಲಂ: ಒಂದು ನೀವು ಬರೆದದ್ದು, ಇನ್ನೊಂದು ಅವರು ಲೆಕ್ಕ ಹಾಕಿದ್ದು. ಎರಡೂ ಹೊಂದಿದರೆ ಮುದ್ರಿಸಿ ಚೀಲದಲ್ಲಿಡಿ. ಪತ್ರಕ್ಕೆ ಬೀಗ ಇರುತ್ತದೆ. ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದು, ಬಿಡುವಿಲ್ಲದೆ ಹುಟ್ಟಿದ ದಿನ, ತಿಂಗಳು, ವರ್ಷ ಬರೆಯಬೇಕು. ದಾಖಲೆಯಲ್ಲಿರುವ ದಿನಾಂಕವನ್ನೇ ಬರೆಯಿರಿ. ಯಜಮಾನರ ಕೊನೆಯ ರಿಟರ್ನ್‌ನ ಪತ್ರ ಬಂದಾಗ ನಾನು ಯುಗಾದಿಯ ಮಾರನೆಯ ದಿನವನ್ನು ಹಾಕಿ ಹಾಕಿ ಸೋತೆ. ಮನೆಯಲ್ಲಿ ನಾವು ಪಾಯಸ ಮಾಡುತ್ತಿದ್ದುದು ಆ ದಿನ. ಆಮೇಲೆ ಹೊಳೆಯಿತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಹಾಕಿದೆ, ಪತ್ರ ತೆರೆಯಿತು.